ಗೌಡರ ಬಂದೂಕಿನ ಬಿರುಸು ಘೋಡಾ

ರಜಾಕಾರರ ಭಯಕ್ಕೆ ಕಮಲಾಪುರದಲ್ಲಿ ಸಂಜೆಗೇ ಒಲೆ ಆರಿಸಿ ಕೂರುತ್ತಿದ್ದ ಕಾಲ ಅದು. ನಮ್ಮೂರಲ್ಲಿ ನಾನು ಕಂಡ ಬಂದೂಕು ಒಂದೇ, ಗೌಡರದು. ಬೆರಳಿಟ್ಟು ಎಳೆಯುವ ಅದರ ಕುದುರೆಗೆ ನಮ್ಮ ಕಡೆ ಘೋಡಾ ಎನ್ನುತ್ತಿದ್ದರು. ತಪ್ಪಿ ಗುಂಡು ಹಾರಿ ಸದ್ದಾದರೆ ಗಂಡಾಂತರವೆಂದು ಗೌಡರು ಬಂದೂಕನ್ನು ಕಲಬುರಗಿಗೆ ಒಯ್ದು ಘೋಡಾಕ್ಕೆ ಬಿರುಸಾದ ಸ್ಪ್ರಿಂಗ್ ಹಾಕಿಸಿದ್ದರು. ಪೊಲೀಸ್ ಆಕ್ಷನ್ ಆಯಿತು, ಭಯ ಹೋಯಿತು, ಸ್ಪ್ರಿಂಗ್ ಮಾತ್ರ ಹಾಗೇ ಉಳಿಯಿತು. ಎರಡು ಬೆರಳು ಹಾಕಿ, ಹಲ್ಲು ಕಚ್ಚಿ ಜಗ್ಗಬೇಕು. ಜಗ್ಗುವಷ್ಟರಲ್ಲಿ ನಳಿಗೆ ಬಲಕ್ಕೆ ವಾಲುತ್ತಿತ್ತು. ನಾವು ಮಕ್ಕಳು ಜೋಳದ ದಂಟು ಹೆಗಲಿಗಿಟ್ಟು, ಮೈಯೆಲ್ಲ ತಿರುಚಿ, "ಢಂ" ಎಂದು ಬಲಕ್ಕೆ ಬೀಳುವ ಆಟ ಆಡುತ್ತಿದ್ದೆವು.

ಕೆಂಪು ಬಾಳೆಯ ತೋಟಕ್ಕೆ ಹಂದಿ ನುಗ್ಗಿದಾಗ ನಮ್ಮ ಕೇರಿಯವರು ಹಲಗೆ ಬಡಿದು ಎಬ್ಬಿಸಬೇಕು. ನಿಲ್ಲುವುದು ಯಾವಾಗಲೂ ಗೌಡರ ಎಡಕ್ಕೆ. ಯಾಕೆಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಲಬುರಗಿಯಿಂದ ಗೌಡರ ಬೀಗರು ಬೇಟೆ ನೋಡಲು ಬಂದಿದ್ದರು. ಎಡಗಡೆಯ ಜಾಗ ಅವರಿಗಾಯಿತು. ಗೌಡರು ನನ್ನ ಅಪ್ಪನಿಗೆ ಕೈಸನ್ನೆ ಮಾಡಿದರು.

"ನೀ ಇವತ್ತ ಬಲಕ್ಕ ನಿಲ್ಲಲೇ."

"ಗೌಡ್ರ, ಘೋಡಾ ಭಾಳ ಬಿರುಸ ಅದ ರೀ. ಜಗ್ಗಿದ್ರ ನಳಗಿ ಈ ಕಡೀಗೇ ಹೊಳ್ಳತದ."

ಬೀಗರು ನಕ್ಕರು. "ಏನ್ರಿ ಬೀಗರ, ಬಂದೂಕ ಸೈತ ನಿಮ್ಮ ಮಾತ ಕೇಳಲ್ಲೇನು?"

ಗೌಡರ ಮುಖ ಕಪ್ಪಿಟ್ಟಿತು. "ಬಾಯಿ ಮುಚಗೊಂಡು ನಿಲ್ಲಲೇ! ಬೀಗರ ಮುಂದ ನನಗ ಶಾಣ್ಯಾತನ ಕಲಸ್ತೀ?"

ನಾನು ಅವ್ವನ ಜೊತೆ ಬುತ್ತಿ ಹೊತ್ತು ಬದುವಿನ ಮೇಲಿದ್ದೆ. ಹಂದಿ ಹೊರಬಿತ್ತು. ಗೌಡರು ಹಲ್ಲು ಕಚ್ಚಿ ಜಗ್ಗಿದರು. ಹಣ್ಣಿನ ಸಿಹಿ ವಾಸನೆಯೊಳಗೆ ಮದ್ದಿನ ವಾಸನೆ ಬೆರೆಯಿತು. ಹಂದಿ ಓಡಿಹೋಯಿತು, ಅಪ್ಪ ಮೊಣಕಾಲು ಹಿಡಿದು ಕುಸಿದಿದ್ದ.

"ಅಡ್ಡ ಬಂದ ನೋಡ್ರಿ," ಎಂದರು ಗೌಡರು, ಬೀಗರ ಕಡೆ ತಿರುಗಿ.

ಅವ್ವ ರೊಟ್ಟಿ ಬುಟ್ಟಿ ಒಗೆದು ಓಡಿಬಂದಳು. "ಯಾರು ಅಡ್ಡ ಬಂದಾರ? ನೀವೇ ನಿಲ್ಸೀರಿ! ಯಾರರ ಹೇಳ್ರೆಪ್ಪಾ!"

ಹಲಗೆ ಹಿಡಿದವರೆಲ್ಲ ನೆಲ ನೋಡಿದರು. ದಂಟಿನಾಟದ ಮಕ್ಕಳಿಗೆ ಗೊತ್ತಿದ್ದದ್ದು ಇವರಿಗೆ ಗೊತ್ತಿರಲಿಲ್ಲವೇ?

ಕಲಬುರಗಿಯ ದವಾಖಾನೆಯಲ್ಲಿ ಕಾಲು ತೆಗೆದರು. ಅವ್ವ ಕೂಲಿ ಮಾಡಿ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವಳು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳದವರೆಗೆ ಓಡುತ್ತಿದ್ದ ಅಪ್ಪನನ್ನು ಯಾವ ಡಿಗ್ರಿಯೂ ಹಿಂದಕ್ಕೆ ಕೊಡಲಿಲ್ಲ. ಅದನ್ನೂ ನುಂಗಿಕೊಂಡೆ. ಊರಿಗೆ ಹೋದಾಗ ಯಾರಾದರೂ ಇವತ್ತಿಗೂ "ನಿಮ್ಮಪ್ಪ ಅವತ್ತ ಗುಂಡಿಗಿ ಅಡ್ಡ ಬಂದಿದ್ನಲ್ಲ" ಎಂದರೆ ಮಾತ್ರ ಮೈ ಉರಿಯುತ್ತದೆ. ನನ್ನ ಅಪ್ಪ ಅಡ್ಡ ಬರಲಿಲ್ಲ. ನಿಲ್ಲಿಸಿದಲ್ಲಿ ನಿಂತ.