ಚಿಲೇಶೆಗೂ ಮದುವೆ ಪಾಠ

ಲುವಾನ್ಶ್ಯ ಎಂಬ ಊರಿನ ಗಣಿ ಕಾಲೊನಿಯಲ್ಲಿ ಮದುವೆ ಗೊತ್ತಾದ ಹುಡುಗಿಯರನ್ನೆಲ್ಲ ಮೊದಲು ಚಿಲೇಶೆಯ ಮನೆಗೆ ಕಳಿಸುತ್ತಿದ್ದರು. ಗಂಡನ ಜೊತೆ ಹೇಗಿರಬೇಕು, ಅತ್ತೆಯ ಮುಂದೆ ಹೇಗೆ ಕೂರಬೇಕು, ಎಲ್ಲವನ್ನೂ ಅವಳು ಡೋಲು ಬಡಿದು, ಹಾಡಿ, ಕುಣಿದು ಕಲಿಸುವಳು. ಮನೆಯ ಜಗಳವನ್ನು ಹೊರಗೆ ಯಾರ ಮುಂದೆಯೂ ಆಡಬಾರದು ಎಂಬುದು ಮೊದಲ ಪಾಠ.

ಅವಳ ಸ್ವಂತ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಗಂಡ ಕಸೊಂಡೆ ಗಣಿಯಿಂದ ನಿವೃತ್ತನಾದ ಮೇಲೆ ಹಳೆಯ ಲಾರಿ ಎಂಜಿನ್ ಒಂದನ್ನು ತಂದು ಅಂಗಳದಲ್ಲಿ ಇಳಿಸಿದ್ದ. ರಿಪೇರಿ ಮಾಡಿ ಮಾರುತ್ತೇನೆ ಅಂದವನು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಕೋಳಿಗಳು ಅದರಡಿ ಮೊಟ್ಟೆ ಇಡುತ್ತಿದ್ದವು. ಅಂದಿನಿಂದ ಚಿಲೇಶೆ ತಟ್ಟೆಯನ್ನು ಅವನ ಮುಂದೆ ಕುಕ್ಕುವಳು, ಅವನು ಅದನ್ನೆತ್ತಿಕೊಂಡು ಹೊರಗೆ ಮಾವಿನ ಮರದಡಿ ಹೋಗಿ ಉಣ್ಣುವನು.

ಕಸೊಂಡೆಯ ರಕ್ತದೊತ್ತಡ ಏರಿದಾಗ ಕ್ಲಿನಿಕ್ಕಿನ ನರ್ಸ್ ಮಾತ್ರೆ ಕೊಟ್ಟು, ಮನೆಯಲ್ಲಿ ಮಾತಿಲ್ಲವೆಂದು ಕೇಳಿ ತಿಳಿದು, ಹೆಂಡತಿಯನ್ನು ಕರೆದುಕೊಂಡು ಬಂದು ಕೊನೆಯ ಕೋಣೆಯ ದಾಂಪತ್ಯ ಸಲಹೆಗಾರ್ತಿಯನ್ನು ನೋಡು ಎಂದಳು.

ಚಿಲೇಶೆ ತಲೆಯ ಬಟ್ಟೆಯನ್ನು ಮುಖದ ತನಕ ಎಳೆದುಕೊಂಡು ಗಂಡನ ಜೊತೆ ಹೋದಳು. ಬಾಗಿಲು ತೆರೆದ ಸಲಹೆಗಾರ್ತಿ ಲುಕುಂಡೊ, ಕೆಲವು ವರ್ಷಗಳ ಹಿಂದೆ ಅವಳ ಬಳಿಯೇ ಮದುವೆ ಪಾಠ ಕಲಿತವಳು. ಗುರುವನ್ನು ಕಂಡದ್ದೇ ಅಲ್ಲಿನ ಪದ್ಧತಿಯಂತೆ ಮಂಡಿಯೂರಿ, ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿದಳು.

“ಏಳಮ್ಮ, ಏಳು. ನಾನು ದಾರಿ ತಪ್ಪಿ ಬಂದೆ,” ಅಂದಳು ಚಿಲೇಶೆ.

“ಇಬ್ಬರೂ ಒಟ್ಟಿಗೇ ದಾರಿ ತಪ್ಪಿದ್ರಾ ಅಮ್ಮಾ? ಕೂತ್ಕೊಳ್ಳಿ.”

ಕೂತರು. ತಟ್ಟೆಯ ವಿಷಯ ಹೊರಬಿದ್ದಿತು.

“ಇವರು ತಟ್ಟೆ ತಗೊಂಡು ಹೊರಗೆ ಹೋದಾಗ ನಿಮಗೆ ಮೊದಲು ಏನನ್ಸುತ್ತೆ?” ಲುಕುಂಡೊ ಕೇಳಿದಳು.

“ನನ್ನ ಮುಖ ನೋಡೋಕೆ ಇವರಿಗೆ ಇಷ್ಟ ಇಲ್ಲ ಅಂತ.”

“ಅದು ಗೊತ್ತಿರೋದಾ, ಅಂದ್ಕೊಂಡಿರೋದಾ? ಅವರನ್ನೇ ಕೇಳಿ.”

ಚಿಲೇಶೆ ಗೋಡೆಯ ಕಡೆ ನೋಡುತ್ತ ಕೇಳಿದಳು.

“ಒಳಗೆ ಸೆಕೆ ಕಣೇ,” ಅಂದ ಕಸೊಂಡೆ. “ಇಷ್ಟು ವರ್ಷ ನೆಲದೊಳಗೆ ಕತ್ತಲಲ್ಲಿ ಕೂತು ಉಂಡೋನಿಗೆ ಮರದ ಕೆಳಗೆ ಉಣ್ಣೋ ಆಸೆ ಇರಲ್ವಾ?”

“ನನ್ನನ್ನೂ ಕರೀಬಹುದಿತ್ತಲ್ಲ.”

“ತಟ್ಟೆ ಕುಕ್ಕೋಳನ್ನ ಯಾರು ಕರೀತಾರೆ? ಸಂಬಳ ನಿಂತ ಮೇಲೆ ನಾನು ನಿನಗೆ ಬೇಡವಾದೆ.”

“ಇದೂ ಅಂದ್ಕೊಂಡಿದ್ದೇ,” ಲುಕುಂಡೊ ನಡುವೆ ಬಂದಳು. “ನೀವೂ ಕೇಳಿ.”

“ಸಂಬಳಕ್ಕಲ್ಲ,” ಅವನು ಕೇಳುವ ಮೊದಲೇ ಚಿಲೇಶೆ ಅಂದಳು. “ಆ ಎಂಜಿನ್‌ಗೆ. ನನ್ನ ಒಂದು ಮಾತು ಕೇಳದೆ ತಂದ್ರಲ್ಲ. ಕೋಪಕ್ಕೇ ಕುಕ್ಕಿದ್ದು, ನಿಜ.”

“ಕೋಪ ಅಂತ ನನಗೆ ಗೊತ್ತಿತ್ತು,” ಕಸೊಂಡೆ ಗೆದ್ದವನಂತೆ ಅಂದ.

“ಕೋಪ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ,” ಅಂದಳು ಲುಕುಂಡೊ.

ಮನೆಗೆ ಅವಳು ಕೊಟ್ಟ ಕೆಲಸ ಸುಲಭವಾಗಿತ್ತು: ದಿನಾ ಸಂಜೆ ಒಬ್ಬರಲ್ಲಿ ಒಬ್ಬರು ಕಂಡ ಒಂದು ಒಳ್ಳೆಯದನ್ನು ಬಾಯಿಬಿಟ್ಟು ಹೇಳಬೇಕು. ಮೊದಲ ಸಂಜೆ ಕಸೊಂಡೆ ಬಹಳ ಹೊತ್ತು ಅಗಿದು, “ಸೊಪ್ಪಲ್ಲಿ ಇವತ್ತು ಮರಳಿಲ್ಲ,” ಅಂದ.

“ನೀವೂ ನಿನ್ನೆ ಆ ಕಡೆ ತಿರುಗಿ ಗೊರಕೆ ಹೊಡೆದ್ರಿ,” ಅಂದಳು ಚಿಲೇಶೆ.

ಮುಂದಿನ ಸಲ ಇದನ್ನು ಕೇಳಿದ ಲುಕುಂಡೊ ನಗು ನುಂಗಿಕೊಂಡು, “ಇವೆರಡೂ ದೂರುಗಳೇ. ಇನ್ನೊಂದು ವಾರ ನೋಡಿ,” ಅಂದಳು.

ವಾರಗಳು ಕಳೆದವು. ಎಂಜಿನ್ ಗುಜರಿಗೆ ಹೋಯಿತು. ಕಸೊಂಡೆಯೇ ಎರಡು ಸ್ಟೂಲು ತಂದು ಮಾವಿನ ಮರದಡಿ ಹಾಕಿದ. ಒಂದು ಸಂಜೆ ಮೆಕ್ಕೆಜೋಳದ ಶಿಮಾ ಮುದ್ದೆಯನ್ನು ಬೆರಳಲ್ಲಿ ಉರುಟು ಮಾಡುತ್ತ, “ನೀನು ಆ ಹುಡುಗೀರಿಗೆ ಹಾಡ್ತೀಯಲ್ಲ, ಅದನ್ನ ಕೇಳೋಕೇ ನಾನು ಎಷ್ಟೋ ಸಲ ಇಲ್ಲಿ ಕೂತಿರ್ತೀನಿ,” ಅಂದ.

ಚಿಲೇಶೆ ಉಪ್ಪು ತರುತ್ತೇನೆಂದು ಒಳಗೆ ಹೋಗಿ, ಕಣ್ಣೊರೆಸಿಕೊಂಡು, ಉಪ್ಪು ಮರೆತು ಬಂದಳು.

ಜಗಳವೇನೂ ನಿಂತಿಲ್ಲ. ಆದರೆ ಈಗ ಕಾರಣ ಕೇಳಿ ಜಗಳವಾಡುತ್ತಾರೆ. ಸುದ್ದಿ ಹಬ್ಬಿ, ನೀರಿನ ನಲ್ಲಿಯ ಹತ್ತಿರ ಪಕ್ಕದ ಮನೆಯವಳು ಕೆಣಕಿದಳು: “ಮದುವೆ ಟೀಚರ್‌ಗೇ ಟೀಚರ್ ಬೇಕಾಯ್ತಂತೆ?”

“ಹೂಂ ಕಣೇ,” ಅಂದಳು ಚಿಲೇಶೆ, ಕೊಡ ಎತ್ತಿಕೊಳ್ಳುತ್ತ. “ಚೆನ್ನಾಗಿ ಹೇಳಿಕೊಡ್ತಾಳೆ. ನಿನ್ನ ಗಂಡನ್ನೂ ಕರ್ಕೊಂಡು ಹೋಗು.”