ಶ್ರುತಿಗೆ ಬರದ ದುರ್ಯೋಧನ

ಮೊನ್ನೆ ಪ್ರಾಕ್ಟೀಸಿಗೆಂದು ಸಂಘದ ಟ್ರಂಕು ತೆಗೆದೆ. ಕಿರೀಟ, ಗದೆಗಳ ಮಧ್ಯದಿಂದ ಹಳೇ ಬಣ್ಣ, ಕೊಬ್ಬರಿ ಎಣ್ಣೆಯ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಹಾರ್ಮೋನಿಯಂ ಮೇಷ್ಟ್ರು ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ತೀರಿಕೊಂಡವರ ಮೇಲೆ ಇನ್ನೂ ಸಿಟ್ಟು... ಏನು ಮಾಡಲಿ, ಅವರು ಕೊಟ್ಟ ತಲೆನೋವು ಅಂಥದ್ದು.

ಕೈಲಾಂಚದಲ್ಲಿ ನಮ್ಮದು ಸಣ್ಣ ನಾಟಕ ಸಂಘ. ಲಾಭಕ್ಕೆ ಮಾಡಿದ್ದಲ್ಲ, ಟಿಕೆಟ್ಟೂ ಇಲ್ಲ. ನಮ್ಮ ಕಡೆ ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಬಾಡಿಗೆ ಸೀನರಿ, ಲೈಟು, ಮೈಕು ಎಲ್ಲಾ ಅದರಲ್ಲೇ ಆಗಬೇಕು. ಖಜಾಂಚಿ ನಾನು. ಮೇಷ್ಟ್ರು ಬೈರಾಪಟ್ಟಣದಿಂದ ಮೊಪೆಡ್ಡಿನಲ್ಲಿ ಬಂದು ಹಾಡು ಕಲಿಸುತ್ತಿದ್ದರು.

ಆ ವರ್ಷ ಊರಿನ ದೊಡ್ಡ ಜಮೀನಿನ ಗೌಡರು ದುರ್ಯೋಧನನ ಪಾತ್ರ ಕೇಳಿದರು. ಸೀನರಿ ಖರ್ಚು ಪೂರ್ತಿ ತಮ್ಮದೇ ಅಂದರು. ನನಗೆ ಹೋದ ಉಸಿರು ಬಂದಂತಾಯಿತು. ಮೇಷ್ಟ್ರು ಎರಡು ಸಾಲು ಹಾಡಿಸಿ, ಹಾರ್ಮೋನಿಯಂ ತಿದಿ ಮುಚ್ಚಿ, ಎಲ್ಲರೆದುರಿಗೇ "ಶ್ರುತಿಗೆ ಬತ್ತಿಲ್ಲ ಗೌಡ್ರೇ, ಬೇರೆ ಪಾತ್ರ ತಗಳಿ" ಅಂದುಬಿಟ್ಟರು. ಗೌಡರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಪಾತ್ರ ಹೋದದ್ದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಭಾಯಿಯೊಬ್ಬರಿಗೆ. ಕಂಠ ಅಂದರೆ ಕಂಠ, ಒಪ್ಪಿದೆ. ಜೇಬಿನಲ್ಲಿ ಮಾತ್ರ ಬಸ್ ಚಾರ್ಜಿಗೂ ಇಲ್ಲ.

"ಮೇಷ್ಟ್ರೇ, ಸೀನರಿಯೋನ್ಗೆ ಏನ್ ಕೊಡನ?" ಅಂದೆ.

"ನನ್ ಸಂಬ್ಳ ಅವ್ನಿಗ್ ಕೊಡು. ಕಿವಿ ಇರೋ ಜನ ಕೂತಿರ್ತಾರೆ ಕಣ್ಲಾ."

ಅಂಥ ನಾಟಕ ಮತ್ತೆ ಆಗಲಿಲ್ಲ, ಅದನ್ನೂ ಹೇಳಬೇಕು. ತೊಡೆ ಮುರಿದು ಬಿದ್ದ ದುರ್ಯೋಧನ ಹಾಡುವಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೆಳಗಾದ ಮೇಲೆ ಮೇಷ್ಟ್ರ ಸಂಬಳ ಸೀನರಿಯವನಿಗೆ ಹೋಯಿತು. ಅದೂ ಸಾಲದೆ ಸಂಘದ ಸ್ವಂತ ಪರದೆಗಳನ್ನು ಮಾರಿದೆವು. ಇನ್ನೊಂದು ವರ್ಷ ಹೀಗಾದರೆ ಸಂಘದ ಬಾಗಿಲು ಹಾಕಬೇಕಿತ್ತು. ಮುಂದಿನ ಸಲಕ್ಕೆ ಬೇರೆ ಮೇಷ್ಟ್ರನ್ನು ನೋಡಿದ್ದೀವಿ ಅಂತ ನಾನೇ ಅವರ ಮನೆಗೆ ಹೋಗಿ ಹೇಳಿದೆ. "ಆಯ್ತು, ಒಸಿ ಕಾಫಿ ಕುಡ್ಕೊಂಡು ಹೋಗು" ಅಂದರು. ಬಯ್ದಿದ್ದರೆ ಚೆನ್ನಾಗಿತ್ತು...

ಈಗ ಸಂಘ ಗಟ್ಟಿಯಾಗಿದೆ. ಬ್ಯಾಂಕಿನಲ್ಲಿ ದುಡ್ಡಿದೆ, ಹೊಸ ಪರದೆಗಳಿವೆ. ಹೊಸ ಮೇಷ್ಟ್ರು ಯಾರಿಗೂ ಇಲ್ಲ ಅನ್ನುವುದಿಲ್ಲ. ಗೌಡರೂ ವಾಪಸ್ ಬಂದರು, ಐದು ವರ್ಷದಿಂದ ಅವರೇ ದುರ್ಯೋಧನ. ಅರ್ಧ ನಾಟಕಕ್ಕೇ ಕುರ್ಚಿಗಳು ಖಾಲಿಯಾಗುತ್ತವೆ. ಹಳೇ ಮೇಷ್ಟ್ರನ್ನು ಕಳಿಸಿದ್ದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ, ಸರಿ ಅನ್ನಲೂ ಬರುವುದಿಲ್ಲ.

ಮೊನ್ನೆ ಗೌಡರು ಆ ತೊಡೆ ಮುರಿದ ಹಾಡು ಮುಗಿಸಿ, ಬೆವರೊರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ "ಎಂಗಿತ್ಲಾ?" ಅಂದರು.

ಮೇಷ್ಟ್ರು ಕೂರುತ್ತಿದ್ದ ಜಾಗ ನೋಡಿದೆ.

"ಭಾರಿ ಚೆನ್ನಾಗಿತ್ತು ಗೌಡ್ರೇ" ಅಂದೆ.