ಮಣೆಯ ಕೆಳಗಿನ ಗೋಣಿಚೀಲ

ವಿಮಲಾಕ್ಷಿಯ ವಿಷಯ ಹೇಳಬೇಕಾದರೆ ಮೊದಲು ನನ್ನ ನಿದ್ದೆಯ ವಿಷಯ ಹೇಳಬೇಕು. ಅರವತ್ತು ದಾಟಿದ ಮೇಲೆ ನನಗೆ ಸುಲಭಕ್ಕೆ ಕಣ್ಣು ಹತ್ತುವುದಿಲ್ಲ. ಹೊರಳಾಡಿ ಹೊರಳಾಡಿ ಹತ್ತಿತು ಅನ್ನುವಷ್ಟರಲ್ಲಿ ಐದು ಗಂಟೆ, ಕೆಳಗಿನ ಮನೆಯಿಂದ ಟಪ ಟಪ ಶುರು. ಜೋಳದ ರೊಟ್ಟಿ ಬಡಿಯುವ ಸದ್ದು. ಒಂದಲ್ಲ ಎರಡಲ್ಲ, ದಿನಕ್ಕೆ ಎಂಬತ್ತು ರೊಟ್ಟಿ. ನಮ್ಮ ಯಜಮಾನರಿಗೆ ಇದರ ಗೊಡವೆಯೇ ಇಲ್ಲ. ಮಲಗುವಾಗ ಕಿವಿಯ ಮಿಷನ್ ತೆಗೆದಿಟ್ಟರೆ ಅವರಿಗೆ ಬಾಗಿಲು ಮುರಿದರೂ ಕೇಳಿಸದು. ಕೇಳಿಸಿಕೊಳ್ಳುವ ಕರ್ಮ ನನ್ನೊಬ್ಬಳದು.

ನಮ್ಮ ಮನೆ ಕೆ.ಆರ್. ಪುರದಲ್ಲಿ, ಕೆರೆ ಕೋಡಿಯ ಕಡೆಗಿನ ತಗ್ಗು ಬಡಾವಣೆಯಲ್ಲಿ. ವಿಮಾ ಕಚೇರಿಯಲ್ಲಿ ಜೀವಮಾನವೆಲ್ಲ ದುಡಿದು ನಾವಿಬ್ಬರೂ ಕಟ್ಟಿಸಿದ್ದು. ಮೇಲೆ ನಾವು, ಕೆಳಗೆ ಬಾಡಿಗೆಗೆ ವಿಮಲಾಕ್ಷಿ ಮತ್ತು ಅವಳ ಗಂಡ ಪಂಚಾಕ್ಷರಿ. ಗದಗದ ಕಡೆಯವರು. ಪಂಚಾಕ್ಷರಿಗೆ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಅಲ್ಲಿ ಅವರ ಕಡೆಯ ಹುಡುಗ ಹುಡುಗಿಯರು ಬೇಕಾದಷ್ಟು, ಎಲ್ಲರಿಗೂ ಮಧ್ಯಾಹ್ನ ರೊಟ್ಟಿಯೇ ಆಗಬೇಕು. ಏಳೂವರೆಗೆ ಪಂಚಾಕ್ಷರಿಯ ಸ್ಕೂಟರಿನಲ್ಲಿ ಡಬ್ಬಿ ಹೊರಡುತ್ತಿತ್ತು. ವಿಮಲಾಕ್ಷಿ ರೊಟ್ಟಿ ಬಡಿಯುತ್ತಿದ್ದುದು ಅವಳ ತಾಯಿ ಕೊಟ್ಟ ಮರದ ಮಣೆಯ ಮೇಲೆ. ಬಡಿದು ಬಡಿದು ಆ ಮಣೆ ಕನ್ನಡಿಯಷ್ಟು ನುಣುಪಾಗಿತ್ತು.

ಬಂದ ತಿಂಗಳೇ ನಾನು ಕೆಳಗಿಳಿದು ಹೋಗಿ ಹೇಳಿದ್ದೆ.

"ನೋಡಿ ವಿಮಲಾ, ನಂಗೆ ನಿದ್ದೆ ಇಲ್ದೆ ತಲೆ ಸಿಡೀತಿದೆ. ಆರು ಗಂಟೆ ಮೇಲೆ ಶುರು ಮಾಡ್ಕೊಳ್ಳಿ."

"ಆರಕ್ಕ ಸುರು ಮಾಡಿದ್ರ ಏಳೂವರೀಗೆ ಮುಗ್ಯಾಂಗಿಲ್ರೀ ಅಕ್ಕಾರ. ಏನರ ಮಾಡ್ತೀನಿ, ತಡೀರಿ."

ಮಾರನೆಯ ದಿನದಿಂದ ಸದ್ದು ಸಣ್ಣಗಾಯಿತು. ಮಣೆಯ ಕೆಳಗೆ ಗೋಣಿಚೀಲ ಮಡಿಸಿ ಹಾಕಿಕೊಂಡಿದ್ದಳು. ಗೋಣಿಯ ಮೇಲೆ ಮಣೆ ಅಲ್ಲಾಡುತ್ತದೆ, ರೊಟ್ಟಿಯ ಅಂಚು ಹರಿಯುತ್ತದೆ, ಎರಡೆರಡು ಸಲ ಬಡಿಯಬೇಕಾಗುತ್ತದೆ, ಅದಕ್ಕಾಗಿ ಅವಳು ಮುಕ್ಕಾಲು ಗಂಟೆ ಮುಂಚೆ ಎದ್ದು ಹಿಟ್ಟು ನಾದಿಕೊಳ್ಳುತ್ತಿದ್ದಳು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ನಾನು ಸುಮ್ಮನಿರುತ್ತಿದ್ದೆ ಅಂತ ಹೇಳಲಾರೆ. ಗೋಣಿ ಹಾಕಿದ ಮೇಲೂ ಮೂರು ವರ್ಷ ಗೊಣಗಿದೆ.

ಅವರು ಬಂದು ಮೂರು ವರ್ಷವಾದ ಮೇಲೆ ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತಲ್ಲ, ಆಗ ಒಂದು ಬೆಳಿಗ್ಗೆ ಐದೂವರೆಯಾದರೂ ಕೆಳಗೆ ಸದ್ದಿಲ್ಲ. ಸದ್ಯ, ಇವತ್ತು ರಜ ಇರಬೇಕು ಅಂದುಕೊಂಡು ಮಗ್ಗುಲು ಬದಲಿಸಿದೆ. ಅಷ್ಟರಲ್ಲಿ ಪಂಚಾಕ್ಷರಿ ಬಾಗಿಲು ಬಡಿದ. ಮೆಟ್ಟಿಲಿಳಿದು ನೋಡಿದರೆ ಕೆಳಗಿನ ಮನೆಯಲ್ಲಿ ಮೊಣಕಾಲುದ್ದ ನೀರು. ರಾಜಕಾಲುವೆ ಉಕ್ಕಿ ಬೀದಿಗೆ ಬೀದಿಯೇ ಕೆರೆಯಾಗಿತ್ತು. ವಿಮಲಾಕ್ಷಿ ಮಾತ್ರ ಹೊಸ್ತಿಲಲ್ಲಿ ಬಗ್ಗಿ ನಿಂತು ಆ ಕೊಳಚೆ ನೀರಿಗೆ ಅರಿಸಿನ ಕುಂಕುಮ ಹಾಕಿ ಕೈ ಮುಗಿಯುತ್ತಿದ್ದಳು.

"ನೋಡ್ರೀ ಅಕ್ಕಾರ, ಫ್ರಿಜ್ ತೇಲಾಕತ್ತೈತಿ, ಇಕಿ ಪೂಜಿ ಮಾಡಾಕತ್ತಾಳ," ಎಂದ ಪಂಚಾಕ್ಷರಿ.

"ನಮ್ಮೂರಾಗ ಗಂಗವ್ವ ಬರ್ಲಿ ಅಂತ ವರ್ಷಗಟ್ಲೆ ಕಾಯ್ತೀವಿ. ಹೊಸ್ತಿಲಿಗೆ ಬಂದಾಕೀಗೆ ಕುಂಕುಮ ಕೊಡದ ಕಳಸೂದು ಹ್ಯಾಂಗ?" ಎಂದಳು ಅವಳು.

ಗಂಗವ್ವ ಕುಂಕುಮ ತೆಗೆದುಕೊಂಡು ಸುಮ್ಮನೆ ಹೋಗಲಿಲ್ಲ. ಈ ಪೂಜೆ ಮುಗಿಯುವಷ್ಟರಲ್ಲಿ ಒಲೆಯ ಬದಿಗಿದ್ದ ಮಣೆ ಹಿತ್ತಿಲ ಬಾಗಿಲಿನಿಂದ ತೇಲಿ ಹೋಗಿತ್ತು. ಜೋಳದ ಹಿಟ್ಟಿನ ಮೂಟೆ ಅಂಬಲಿಯಾಗಿತ್ತು. ಗಂಡ ಕಾಗದಪತ್ರದ ಫೈಲು ಹಿಡಿದು ಮೇಲೆ ಬಂದ. ಹೆಂಡತಿ ಒಣಗಿಸಿಟ್ಟಿದ್ದ ಕಡಕ್ ರೊಟ್ಟಿಯ ಬುಟ್ಟಿ ತಲೆಯ ಮೇಲೆ ಹೊತ್ತು ಬಂದಳು. ಇವಳಿಗೆ ತಲೆ ಕೆಟ್ಟಿದೆ ಅಂತಲೇ ನಾನು ತಿಳಿದೆ.

ಎರಡು ದಿನ ಕರೆಂಟಿಲ್ಲ, ಹಾಲಿಲ್ಲ, ಹೊರಗೆ ಎದೆಮಟ್ಟ ನೀರು. ನಮ್ಮ ಸಿಲಿಂಡರು ಮೊದಲ ದಿನವೇ ಮುಗಿಯಿತು, ಇನ್ನೊಂದು ಕೆಳಗೆ ನೀರಿನಲ್ಲಿ. ನಾಲ್ಕು ಜನರ ಹೊಟ್ಟೆ ತುಂಬಿಸಿದ್ದು ಆ ಬುಟ್ಟಿ ಮತ್ತು ಅವಳ ಶೇಂಗಾ ಚಟ್ನಿಪುಡಿ. ಮೂರು ವರ್ಷ ಯಾವ ಸದ್ದಿಗೆ ಶಾಪ ಹಾಕಿದ್ದೆನೋ ಆ ಸದ್ದಿನ ರೊಟ್ಟಿಯನ್ನೇ ಕಟಂ ಕುಟುಂ ಅಂತ ಕಡಿದು ತಿಂದೆ. ನಾಚಿಕೆಯಾಯಿತು, ಹಸಿವು ಅದಕ್ಕಿಂತ ಹೆಚ್ಚಾಗಿತ್ತು.

ನೀರಿಳಿದ ಮೇಲೆ ಕೆಸರು ಬಳಿದಿದ್ದೇ ಬಳಿದಿದ್ದು. ವಿಮಲಾಕ್ಷಿ ಎಲ್ಲಾ ಕಡೆ ಮಣೆ ಹುಡುಕಿದಳು, ಸಿಗಲಿಲ್ಲ. ಅವತ್ತೇ ಮೊದಲ ಸಲ ಅವಳು ಅತ್ತದ್ದು. ಸಂಜೆ ಇಬ್ಬರೂ ಸಿ.ವಿ. ರಾಮನ್ ನಗರದ ನೆಂಟರ ಮನೆಗೆ ಹೋದರು. ಅಲ್ಲೇ ಎರಡನೇ ಮಹಡಿಯಲ್ಲಿ ಮನೆ ನೋಡುತ್ತೇವೆ, ಇನ್ನು ಈ ತಗ್ಗಿನ ಸಹವಾಸ ಬೇಡ ಎಂದ ಪಂಚಾಕ್ಷರಿ. ತಪ್ಪೇನಿಲ್ಲ ಎಂದೆ.

ಎರಡು ದಿನ ಸುಖವಾಗಿ ಮಲಗಿದೆ. ಮೂರನೆಯ ದಿನ ಐದಕ್ಕೆ ತಾನಾಗಿ ಎಚ್ಚರವಾಯಿತು. ಕಿವಿಗೊಟ್ಟು ಬಿದ್ದುಕೊಂಡೆ. ಏನೂ ಇಲ್ಲ. ಮನೆ ನಿಂತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಯಜಮಾನರು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು. ಆದರೂ ಬೆಳಗಾಯಿತು ಅನ್ನಿಸಲೇ ಇಲ್ಲ. ಆಮೇಲೆ ದಿನಾ ಹಾಗೆಯೇ ಆಯಿತು.

ಒಂದು ದಿನ ಎದುರು ಮನೆಯ ಕಮರುನ್ನೀಸಾ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದಳು. "ಏನಮ್ಮಾ, ಕೆಳಗಡೆಯವ್ರು ಬರಲ್ವಾ? ಆ ಆವಾಜ್ ಇಲ್ದೆ ನಮ್ಮನೇಲಿ ಯಾರೂ ಟೈಮಿಗೆ ಏಳ್ತಾ ಇಲ್ಲ. ನನ್ನ ಮಗ ವಕಾರ್ ಎರಡು ದಿನ ಕಂಪನಿ ಬಸ್ ತಪ್ಪಿಸ್ಕೊಂಡ."

ಇಡೀ ಬೀದಿಗೆ ಬೇಕಾಗಿದ್ದ ಸದ್ದನ್ನು ನಾನೊಬ್ಬಳು ಗೋಣಿ ಹಾಕಿಸಿ ಅಡಗಿಸಲು ನೋಡಿದ್ದೆ. ಅಲ್ಲೇ ಅವಳ ಕಾಂಪೌಂಡಿನ ಪಕ್ಕ, ಲಾರಿಗಾಗಿ ಗುಡ್ಡೆ ಹಾಕಿದ್ದ ಹಾಳು ಹಾಸಿಗೆ ಕುರ್ಚಿಗಳ ನಡುವೆ ಒಂದು ಹಲಗೆಯ ಅಂಚು ಕಂಡಿತು. ಕೆಸರಿಗೆ ಕೈ ಹಾಕಿ ಎಳೆದೆ. ವಿಮಲಾಕ್ಷಿಯ ಮಣೆ. ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಸೀಳದ ಹಾಗೆ ನೆರಳಿನಲ್ಲಿ ಒಣಗಿಸಿದೆ. ನನ್ನ ಪೂಜೆಯ ಪಾತ್ರೆಗಳನ್ನೂ ಅಷ್ಟು ಶ್ರದ್ಧೆಯಿಂದ ತಿಕ್ಕಿದವಳಲ್ಲ.

ಮುಂದಿನ ಭಾನುವಾರ ಅವರು ಉಳಿದ ಸಾಮಾನು ಒಯ್ಯಲು ಬಂದರು. ನಾನು ಮಣೆ ತಂದು ಮುಂದಿಟ್ಟೆ. ವಿಮಲಾಕ್ಷಿ ಅದರ ಮೇಲೆ ಅಂಗೈ ಆಡಿಸಿದಳು.

"ಇದನ್ನ ಒಯ್ದು ಏನ್ ಮಾಡ್ಲಿರೀ ಅಕ್ಕಾರ? ಆ ಮನಿ ಮಾಲಕರು ರೊಟ್ಟಿ ಬಡಿಯಂಗಿಲ್ಲ ಅಂದಾರ. ಕೆಳಗಿನವರ ನಿದ್ದಿ ಕೆಡ್ತೈತಂತ."

ಆ ಮಾಲೀಕರ ಬಾಯಲ್ಲಿ ನನ್ನದೇ ಮಾತು.

"ಇಲ್ಲೇ ಇರಿ. ಮತ್ತೆ ನೀರು ಬಂದ್ರೆ ಮೇಲೆ ಬನ್ನಿ. ನಾನಿಲ್ವಾ?"

"ಇಲ್ಲೂ ನಿಮ್ಮ ನಿದ್ದಿ ಕೆಡೂದಲ್ರೀ?" ಎಂದ ಪಂಚಾಕ್ಷರಿ ಮೆಲ್ಲಗೆ.

"ಕೆಡ್ಲಿ. ಇಷ್ಟು ದಿನ ಸದ್ದಿಲ್ದೆ ಏನು ಬಾಳ ನಿದ್ದೆ ಮಾಡ್ಬಿಟ್ಟಿದೀನಿ?"

ಅವನು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಮಣೆಯನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೊರಟಿದ್ದಳು.

ಮಂಗಳವಾರ ಐದಕ್ಕೆ ಹತ್ತು ನಿಮಿಷವಿರುವಾಗ ನಾನೇ ಎದ್ದು ಕೆಳಗಿಳಿದೆ. ಗೋಡೆಯಲ್ಲಿ ನೀರಿನ ಗೆರೆ ಹಾಗೇ ಇತ್ತು. ಒಲೆ ಹೊತ್ತಿತ್ತು, ಹೆಂಚು ಕಾದಿತ್ತು, ವಿಮಲಾಕ್ಷಿ ಹಿಟ್ಟು ನಾದುತ್ತಿದ್ದಳು. ಮಣೆಯ ಕೆಳಗೆ ಅದೇ ಗೋಣಿಚೀಲ, ಒಗೆದು ಮಡಿಸಿದ್ದು.

ನಾನು ಅದನ್ನು ಎಳೆದುಕೊಂಡೆ. ಗೋಡೆಯ ಪಕ್ಕ ಹಾಸಿ, ಮಂಡಿ ಹಿಡಿದುಕೊಂಡು ಅದರ ಮೇಲೆ ಕುಳಿತೆ.

"ಬಡೀರಿ," ಎಂದೆ.

ಮೊದಲ ರೊಟ್ಟಿಯನ್ನು ಹೆದರಿ ಹೆದರಿ ಬಡಿದಳು. ಎರಡನೆಯದಕ್ಕೆ ಕೈ ಬಿಚ್ಚಿತು. ಎದುರು ಮನೆಯಲ್ಲಿ ದೀಪ ಹತ್ತಿದ್ದು ನೆನಪಿದೆ. ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಪಂಚಾಕ್ಷರಿಯ ಸ್ಕೂಟರು ಗೇಟು ದಾಟುತ್ತಿತ್ತು. ನನ್ನ ಮೈಮೇಲೆ ಯಾರೋ ಶಾಲು ಹೊದಿಸಿದ್ದರು, ಪಕ್ಕದ ತಟ್ಟೆಯಲ್ಲಿ ಬೆಣ್ಣೆ ಸವರಿದ ಬಿಸಿ ರೊಟ್ಟಿ ಇತ್ತು.